ಕೊಟ್ಟಿಗೆಗೆ ಬಂದ ಸೊಸೆ

ಮುನ್ಸಿಪಾಲ್ಟಿಯ ಲೆಕ್ಕದಲ್ಲಿ ನಾನು ಸೊಸೆಯಾಗಿ ಕಾಲಿಟ್ಟದ್ದು ಒಂದು ದನದ ಕೊಟ್ಟಿಗೆಗೆ. ಗಂಡನ ಮನೆಯನ್ನು ಹಳಿಯಬೇಕು ಅಂತ ಹೇಳುತ್ತಿರುವ ಮಾತಲ್ಲ ಇದು. ಸೀಲು ಹೊಡೆದ ಕಾಗದದ ಮೇಲೆ ದುಂಡನೆಯ ಅಕ್ಷರದಲ್ಲಿ ಹಾಗೇ ಬರೆದಿತ್ತು. ನೋಡಿದರೆ ಅದು ನೆಲಕ್ಕೆ ಗಾರೆ ಹಾಕಿದ, ದೊಡ್ಡ ಪಡಸಾಲೆಯ ಹಂಚಿನ ಮನೆ. ನಡುಮನೆಯಲ್ಲಿ ತಬ್ಬಿದರೆ ಕೈಗೆ ಸಿಗದಂಥ ಕಂಬಗಳು. ಊರು ಯಾವುದು ಅಂತ ಕೇಳಬೇಡಿ. ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರರಲ್ಲಿ ಒಂದು. ಅದಕ್ಕಿಂತ ಹೆಚ್ಚು ಹೇಳಿದರೆ ನನ್ನ ಮೈದುನ ಮಾತು ಬಿಡುತ್ತಾನೆ. ಆ ಮನೆಯವರ ಪೈಕಿ ನನ್ನ ಜೊತೆ ಜಗಳವಾಡಲು ಈಗ ಉಳಿದಿರುವವನು ಅವನೊಬ್ಬನೇ.

ಮನೆಯನ್ನು ಕೊಟ್ಟಿಗೆ ಮಾಡಿದ ಪುಣ್ಯಾತ್ಮರು ನಮ್ಮ ಮಾವನವರ ಅಪ್ಪ. ನಾನು ಬರುವ ಹೊತ್ತಿಗೆ ಅವರು ಪಟವಾಗಿ ಗೋಡೆ ಸೇರಿದ್ದರು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನುವ ಆಸಾಮಿ. ಬಹಳ ಹಿಂದೆ, ಊರಿನ ಮನೆಗಳಿಗೆಲ್ಲ ಕಂದಾಯ ಹಾಕುವುದಕ್ಕೆ ಮುನ್ಸಿಪಾಲ್ಟಿಯ ಗುಮಾಸ್ತರೊಬ್ಬರು ಬೀದಿ ಬೀದಿ ಸುತ್ತಿ ಮನೆಗಳನ್ನು ಬರೆದುಕೊಳ್ಳುತ್ತಿದ್ದರಂತೆ. ವಾಸದ ಮನೆಗಾದರೆ ಕಂದಾಯ ಜಾಸ್ತಿ, ಕೊಟ್ಟಿಗೆಗಾದರೆ ಹೆಸರಿಗೆ ಮಾತ್ರ. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಅಜ್ಜ ಹೆಂಗಸರು ಮಕ್ಕಳನ್ನೆಲ್ಲ ಗಾಡಿ ಹತ್ತಿಸಿ ಸಿಂಗಟಗೆರೆ ಕಡೆಯ ತೆಂಗಿನ ತೋಟಕ್ಕೆ ಸಾಗಹಾಕಿದರು. ಒಲೆಯ ಬೂದಿ ಬಳಿಸಿದರು. ಪಡಸಾಲೆಗೆ ಹುಲ್ಲು ಹರಡಿ, ಜೋಡೆತ್ತು ತಂದು ಕಟ್ಟಿ, ಹೊಸಿಲ ಮೇಲೆ ಗೋಣಿಚೀಲ ಹಾಸಿಕೊಂಡು ಕೂತರು.

"ನಾವಿರೋದು ತೋಟದಾಗೆ ಸ್ವಾಮಿ. ಇದು ದನ ಕಟ್ಟಕ್ಕೆ" ಅಂದರಂತೆ.

ಗುಮಾಸ್ತರು ಕತ್ತು ಚಾಚಿ ಒಳಗೆ ನೋಡಿದರಂತೆ. ಸಾಕ್ಷಿ ಹೇಳುವ ಹಾಗೆ ಎತ್ತು ಬಾಲ ಎತ್ತಿತಂತೆ. ಗುಮಾಸ್ತರು ಮೂಗು ಮುಚ್ಚಿಕೊಂಡು ಕೊಟ್ಟಿಗೆ ಅಂತ ಬರೆದು ಮುಂದಿನ ಮನೆಗೆ ಹೋದರಂತೆ. ಈ ಕತೆಯನ್ನು ನಮ್ಮ ಮನೆಯಲ್ಲಿ ಹಬ್ಬಕ್ಕೊಂದು ಸಲ, ನೆಂಟರು ಬಂದಾಗ ಒಂದು ಸಲ, ಯಾರೂ ಬರದಿದ್ದರೆ ಬೇಜಾರಿಗೆ ಒಂದು ಸಲ ಹೇಳುತ್ತಿದ್ದರು. ಹೇಳುವವರು ಮಾವ. ಎತ್ತು ಬಾಲ ಎತ್ತಿದ ಜಾಗಕ್ಕೆ ಬಂದಾಗ ಅವರ ಕಣ್ಣಲ್ಲಿ ನೀರೇ ಬರುತ್ತಿತ್ತು, ನಗುವಿಗೋ ಅಪ್ಪನ ನೆನಪಿಗೋ ತಿಳಿಯದು.

ಒಂದು ಸಲ ಹೇಳಿದ ಸುಳ್ಳನ್ನು ವರ್ಷಾ ವರ್ಷಾ ಸಾಕಬೇಕಲ್ಲ. ಕಂದಾಯ ವಸೂಲಿಗೆ ಮುನ್ಸಿಪಾಲ್ಟಿಯವರು ನಮ್ಮ ಬೀದಿಗೆ ಬಂದರು ಅಂದರೆ, ಹಿತ್ತಲಿನ ನಿಜವಾದ ಕೊಟ್ಟಿಗೆಯಿಂದ ಒಂದು ಎತ್ತನ್ನು ಬಿಚ್ಚಿ, ಸುತ್ತು ಹೊಡೆಸಿ, ಬೀದಿ ಬಾಗಿಲಿಂದ ಪಡಸಾಲೆಗೆ ತಂದು ಕಟ್ಟುವುದು ಮನೆತನದ ಪದ್ಧತಿಯಾಗಿಬಿಟ್ಟಿತ್ತು. ಅಜ್ಜ ಮಾಡುತ್ತಿದ್ದರು, ಅವರಾದ ಮೇಲೆ ಮಾವ ಮಾಡುತ್ತಿದ್ದರು. ಅದನ್ನು ಹೊಸ ಸೊಸೆಗೆ ಯಾರೂ ಹೇಳಿರಲಿಲ್ಲ. ಮದುವೆಯಾದ ವರ್ಷ ಒಂದು ಬೆಳಿಗ್ಗೆ ಮಾವ ಗಂಭೀರವಾಗಿ ಎತ್ತನ್ನು ಬೀದಿ ಬಾಗಿಲಿಂದ ಒಳಗೆ ಕರೆತಂದದ್ದು ನೋಡಿದೆ. ಓಹೋ, ಇವರ ಮನೆಯಲ್ಲಿ ಇದೊಂದು ಪೂಜೆ ಇರಬೇಕು, ಕೇಳಿದರೆ ತವರಿಗೆ ಕೆಟ್ಟ ಹೆಸರು ಅಂದುಕೊಂಡೆ. ಒಳಗೆ ಓಡಿ ತಟ್ಟೆಗೆ ಅರಿಸಿನ ಕುಂಕುಮ ಹಾಕಿಕೊಂಡು ಬಂದು, ಎತ್ತಿನ ಹಣೆಗೆ ಹಚ್ಚಿ, ಆರತಿ ಎತ್ತುತ್ತಾ ನಿಂತೆ. ಅಷ್ಟರಲ್ಲಿ ವಸೂಲಿಯವರು ಬಾಗಿಲಿಗೆ ಬಂದರು. ನನ್ನನ್ನು ನೋಡಿ ಅವರೂ ಚಪ್ಪಲಿ ಬಿಟ್ಟು ಎತ್ತಿಗೆ ಕೈ ಮುಗಿದರು. ಅವರು ಹೋದ ಮೇಲೆ ಮಾವ "ಪರ್ವಾಗಿಲ್ಲ, ಚುರುಕಾಗವ್ಳೆ" ಅಂದರು. ನನ್ನ ಬಗ್ಗೆ ಮಾವ ಆಡಿದ ಮೊದಲ ಒಳ್ಳೆಯ ಮಾತು ಅದು, ಮತ್ತೆ ಬಹಳ ವರ್ಷ ಅಂಥದ್ದು ಕೇಳಲಿಲ್ಲ.

ನನ್ನ ಅಪ್ಪ ಶಿವನಿ ಸ್ಟೇಷನ್ನಿನಲ್ಲಿ ರೈಲ್ವೆ ಕೆಲಸದಲ್ಲಿದ್ದರು. ನಮ್ಮದು ಎರಡು ಕೋಣೆಯ ಕ್ವಾರ್ಟರ್ಸು. ಕಾಲು ಚಾಚಿದರೆ ಎದುರು ಗೋಡೆ. ಆದರೆ ಹಿಂದುಗಡೆ ಬಾಗಿಲು, ಚಿಲಕ ಎರಡೂ ಇರುವ ಕಕ್ಕಸಿತ್ತು. ನನಗೆ ಗಂಡು ನೋಡುವಾಗ ಮನೆಯವರು ಎಲ್ಲ ವಿಚಾರಿಸಿದರು. ಹೊಲ ಎಷ್ಟು, ತೆಂಗಿನ ಮರ ಎಷ್ಟು, ಹುಡುಗ ಬೀಡಿ ಸೇದುತ್ತಾನಾ, ನಾದಿನಿಯರು ಬಾಯಿಬಡುಕಿಯರಾ. ಕಕ್ಕಸು ಇದೆಯಾ ಅಂತ ಮಾತ್ರ ಯಾರೂ ಕೇಳಲಿಲ್ಲ. ಬಂದ ಮಾರನೇ ದಿನ ನಸುಕಿನಲ್ಲಿ ಅತ್ತೆ ನನ್ನ ಭುಜ ಅಲ್ಲಾಡಿಸಿ ಕೈಗೆ ಚೊಂಬು ಕೊಟ್ಟರು. ಆಗ ಗೊತ್ತಾಯಿತು.

ಗಂಡಸರು ಯಾವ ಹೊತ್ತಿಗಾದರೂ ಕೆರೆ ಕಡೆ ಹೋಗಬಹುದು, ಕೇಳುವವರಿಲ್ಲ. ಹೆಂಗಸರು ಬೆಳಕು ಹರಿಯುವ ಮುಂಚೆ ಹೋಗಬೇಕು, ಇಲ್ಲವೇ ಕತ್ತಲಾದ ಮೇಲೆ. ನಡುವೆ ಇರುವ ಇಡೀ ಹಗಲು ಹಲ್ಲು ಕಚ್ಚಿ ಇರಬೇಕು. ಹಾಗೆ ಇರುವುದಕ್ಕೆ ನಮ್ಮ ಅತ್ತೆ ಕಂಡುಕೊಂಡ ಉಪಾಯ ಒಂದೇ: ಮಧ್ಯಾಹ್ನದ ಮೇಲೆ ನೀರು ಕುಡಿಯುತ್ತಿರಲಿಲ್ಲ. ಬೇಸಿಗೆಯಲ್ಲಿ ಮುದ್ದೆ, ಖಾರದ ಸಾರು ಉಂಡು, ನೀರಿನ ಚೊಂಬನ್ನು ನನ್ನ ಕಡೆ ತಳ್ಳಿ, ಸೆರಗಿನಿಂದ ಬಾಯಿ ಒರೆಸಿಕೊಂಡು ಎದ್ದುಬಿಡುತ್ತಿದ್ದರು. ಅವರ ತುಟಿ ಯಾವಾಗಲೂ ಒಡೆದಿರುತ್ತಿತ್ತು.

ಇದಕ್ಕೆ ಮಾವ ಬೇರೆಯೇ ಅರ್ಥ ಹಚ್ಚಿದ್ದರು. ಜಗಲಿಯಲ್ಲಿ ಕೂತು ಬಂದವರ ಮುಂದೆ, "ನಮ್ಮನೆಯವ್ಳು ಮಧ್ಯಾಹ್ನದ ಮ್ಯಾಲೆ ನೀರೂ ಮುಟ್ಟಕಿಲ್ಲ. ನನ್ನ ಆಯಸ್ಸಿಗೆ ಅಂತ ವ್ರತ ಹಿಡ್ದವ್ಳೆ" ಅನ್ನುತ್ತಿದ್ದರು. ಹೇಳುವಾಗ ಎದೆ ಒಂದು ಗೇಣು ಉಬ್ಬುತ್ತಿತ್ತು. ಅತ್ತೆ ಹೌದು ಅನ್ನುತ್ತಲೂ ಇರಲಿಲ್ಲ, ಅಲ್ಲ ಅನ್ನುತ್ತಲೂ ಇರಲಿಲ್ಲ. ನಾನು ಒಂದು ದಿನ ಯಾವ ದೇವರ ವ್ರತ ಅಂತ ಕೇಳಿದೆ.

"ವ್ರತಾನೂ ಇಲ್ಲ, ಮಣ್ಣೂ ಇಲ್ಲ ಕಣೇ. ಕುಡುದ್ರೆ ಹಗಲೊತ್ತು ಎಲ್ಲಿಗೆ ಹೋಗ್ಲಿ?" ಅಂದರು.

"ಮತ್ತೆ ಮಾವ ಹಂಗೆ ಹೇಳ್ಕೊಂಡು ತಿರುಗ್ತಾರಲ್ಲ?"

"ಹೇಳ್ಕೊಳ್ಲಿ ಬಿಡು. ಅವ್ರಿಗೊಂದು ಖುಷಿ."

ಮಾವನ ಆ ಖುಷಿ ಅತ್ತೆಗೆ ದುಬಾರಿಯಾಗುತ್ತಾ ಬಂತು. ಒಂದು ಬೇಸಿಗೆಯಲ್ಲಿ ಅತ್ತೆಗೆ ಉರಿಮೂತ್ರ ಶುರುವಾಗಿ ಜ್ವರ ಏರಿತು. ಆಸ್ಪತ್ರೆಗೆ ಕರೆದುಕೊಂಡು ಹೋದವಳು ನಾನು. ಡಾಕ್ಟರು ನೋಡಿ, ಔಷಧಿ ಕೊಟ್ಟು, "ಬೆಳಗಿಂದ ಸಾಯಂಕಾಲದ ತನಕ ನೀರು ಕುಡೀತಾ ಇರಬೇಕಮ್ಮಾ. ಹೀಗೇ ಬಿಟ್ಟರೆ ಜೀವಕ್ಕೇ ಬರುತ್ತೆ. ನೀರು ಕುಡಿಯೋಕೇನು ಕಷ್ಟ ನಿಮಗೆ?" ಅಂದರು. ದಾರಿಯುದ್ದಕ್ಕೂ ಅತ್ತೆ ಅದನ್ನೇ ಹೇಳಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ, ಪಿತ್ತ ನೆತ್ತಿಗೇರಿತು. ಮನೆಯಲ್ಲಿ ಒಂದು ಕಕ್ಕಸು ಕಟ್ಟಿಸಿಯೇ ತೀರುತ್ತೇನೆ ಅಂತ ಅವತ್ತೇ ನಿರ್ಧಾರ ಮಾಡಿದೆ.

ನಮ್ಮವರಿಗೆ ಹೇಳಿದೆ. ಅವರು "ಅಪ್ಪನ್ನ ಕೇಳ್ಬೇಕು" ಅಂದು, ಕೇಳದೆ, ತೆಂಗಿನಕಾಯಿ ಲೋಡಿನ ನೆಪದಲ್ಲಿ ಮನೆ ಬಿಟ್ಟರು. ಸೊಸೆ ಮಾವನ ಎದುರು ನಿಂತು ಮಾತಾಡುವ ಕಾಲವಲ್ಲ ಅದು. ಆದರೆ ಕರುವಿನ ಹತ್ತಿರ ಮಾತಾಡಬಾರದು ಅಂತ ಯಾವ ಶಾಸ್ತ್ರದಲ್ಲೂ ಇರಲಿಲ್ಲ. ಮಾವ ಹಿತ್ತಲಲ್ಲಿ ಹಗ್ಗ ಹೊಸೆಯುತ್ತಾ ಕೂತಾಗ ನಾನು ಕರುವಿಗೆ ಹುಲ್ಲು ಹಾಕುತ್ತಾ, "ನೋಡೇ ಕರುವೇ, ಶಿವನಿ ಸ್ಟೇಷನ್ನಲ್ಲಿ ಎಲ್ಲಾರ ಮನೆಗೂ ಕಕ್ಕಸೈತೆ. ಇಷ್ಟು ದೊಡ್ಡ ಮನೆತನಕ್ಕೆ ಒಂದು ಬ್ಯಾಡ್ವಾ?" ಅಂದೆ.

ಮಾವ ತಲೆ ಎತ್ತದೆ, "ಕರುವೇ, ಉಣ್ಣೋ ಮನೇಲಿ ಅಂಥವೆಲ್ಲ ಕಟ್ಟಿಸ್ಬಾರ್ದು ಅಂತ ಹೇಳು" ಅಂದರು.

"ಉಣ್ಣೋ ಮನೇಲಿ ಎತ್ತು ಕಟ್ಬಹುದಾ ಅಂತ ಕೇಳು, ಕರುವೇ."

ಹೀಗೆ ಕೆಲವು ವಾರ ನಡೆಯಿತು. ಕರುವಿಗೆ ಎರಡೂ ಕಡೆಯಿಂದ ಹುಲ್ಲು ಸಿಕ್ಕಿ ಅದು ದುಂಡಗಾಯಿತು. ಕೊನೆಗೆ ನನ್ನ ವಾದಕ್ಕಲ್ಲ, ಹಿಂದಿನ ಬೀದಿಯ ಬೀಗರು ಸಿಮೆಂಟಿನ ಕಕ್ಕಸು ಕಟ್ಟಿಸಿ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದಕ್ಕೆ ಮಾವ ಬಗ್ಗಿದರು. "ಹಿತ್ತಲ ತುದೀಲಿ, ಬಾವಿಗೆ ದೂರ, ಮನೆಗೆ ಬೆನ್ನು ಹಾಕಿ ಕಟ್ಟಿಸ್ಕೊಳ್ಳಿ ಅಂತ ಹೇಳು, ಕರುವೇ. ನಾನಂತೂ ಅದ್ರೊಳಕ್ಕೆ ಕಾಲಿಡಕಿಲ್ಲ."

ಗಾರೆಯವನನ್ನು ಕರೆಸಿದೆವು. ಅವನು, ಮುನ್ಸಿಪಾಲ್ಟಿಯ ಲೈಸೆನ್ಸ್ ಇಲ್ಲದೆ ಒಂದು ಇಟ್ಟಿಗೆಯನ್ನೂ ಇಡುವುದಿಲ್ಲ, ಕೆಡವಿಸಿಬಿಡುತ್ತಾರೆ ಅಂದ. ಲೈಸೆನ್ಸ್ ಬೇಕಾದರೆ ಮನೆಯ ದಾಖಲೆಯ ನಕಲು ತೆಗೆಸಬೇಕು. ನಮ್ಮವರಿಗೆ ಮತ್ತೆ ತೆಂಗಿನಕಾಯಿ ಲೋಡು ಬಂತು. ಹಾಗಾಗಿ ನಾನೂ ಅತ್ತೆಯೂ ಹೊರಟೆವು. ಅತ್ತೆ ಹುಟ್ಟಿದ ಮೇಲೆ ಒಂದು ಆಫೀಸಿನ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಮದುವೆಗೆ ಹೋಗುವ ಸೀರೆ ಉಟ್ಟು, ಕಡ್ಡಿಯಂತೆ ನೆಟ್ಟಗೆ ಬೆಂಚಿನ ಮೇಲೆ ಕೂತಿದ್ದರು.

ಅಲ್ಲಿನ ಗುಮಾಸ್ತರು ಎಲೆ ಅಡಿಕೆ ಹಾಕಿಕೊಂಡು ಆರಾಮಾಗಿದ್ದರು. ಮನೆ ನಂಬರು ಕೇಳಿದರು. ನಂಬರಿನ ತಗಡನ್ನು ಅಜ್ಜ ಬೀದಿ ಬಾಗಿಲಿಗೆ ಹೊಡೆಸಿರಲಿಲ್ಲ, ಹಿತ್ತಲಲ್ಲಿ ಎತ್ತು ಕಟ್ಟುವ ಕಂಬಕ್ಕೆ ಹೊಡೆಸಿದ್ದರು. ನಾನು ಬೆಳಿಗ್ಗೆಯೇ ಅದರ ಮೇಲಿನ ಸಗಣಿ ಕೆರೆದು ಓದಿಕೊಂಡು ಬಂದಿದ್ದೆ. ಅರ್ಜಿ ಬರೆದೆ, ಸ್ಟಾಂಪು ಅಂಟಿಸಿದೆ. ಗುಮಾಸ್ತರು ದಪ್ಪನೆಯ ರಿಜಿಸ್ಟರು ಇಳಿಸಿ, ಧೂಳು ನಮ್ಮ ಕಡೆಗೇ ಊದಿ, ಬೆರಳಿಟ್ಟು ಹುಡುಕಿದರು. ಬೆರಳು ನಿಂತಿತು. ಅವರು ನನ್ನ ಅರ್ಜಿ ನೋಡಿದರು, ರಿಜಿಸ್ಟರು ನೋಡಿದರು.

"ದನದ ಕೊಟ್ಟಿಗೆ ಅಂತ ಇದೆಯಲ್ಲಮ್ಮಾ. ದನಕ್ಕೆ ಕಕ್ಕಸು ಯಾಕೆ?"

ಆಫೀಸಿನಲ್ಲಿದ್ದವರೆಲ್ಲ ನಗುವುದಕ್ಕೆ ಬಾಯಿ ತೆರೆದರು. ಅತ್ತೆ ಬೆಂಚಿನಿಂದ ಏಳದೆ, "ದನ ಕೇಳ್ತಾ ಇಲ್ಲ ಕಣಪ್ಪಾ, ನಾನ್ ಕೇಳ್ತಾ ಇದೀನಿ" ಅಂದರು. ತೆರೆದ ಬಾಯಿಗಳು ಮುಚ್ಚಿಕೊಂಡವು.

ಗುಮಾಸ್ತರು ಕೆಟ್ಟವರಲ್ಲ. ನಕಲು ಬರೆದು, ಸೀಲು ಹೊಡೆದು ಕೈಗಿತ್ತು, ದಾರಿಯನ್ನೂ ಹೇಳಿಕೊಟ್ಟರು. ಕೊಟ್ಟಿಗೆಗೆ ಲೈಸೆನ್ಸ್ ಸಿಗುವುದಿಲ್ಲ. ಇದನ್ನು ವಾಸದ ಮನೆ ಅಂತ ತಿದ್ದಿಕೊಡಿ ಅಂತ ಯಜಮಾನರ ರುಜು ಹಾಕಿದ ಒಂದು ಅರ್ಜಿ ಬೇಕು. ಆಮೇಲೆ ಓವರ್ಸಿಯರ್ ಮನೆಗೆ ಬಂದು ಕಣ್ಣಾರೆ ನೋಡಿ, ಜನ ವಾಸವಾಗಿದ್ದಾರೆ ಅಂತ ಬರೆದುಕೊಳ್ಳಬೇಕು.

ಯಜಮಾನರು ಅಂದರೆ ಮಾವ. ಅಪ್ಪ ಹೇಳಿದ್ದು ಸುಳ್ಳು ಅಂತ ಅವರು ರುಜು ಹಾಕುವುದು ಈ ಜನ್ಮಕ್ಕೆ ಸಾಧ್ಯವಿಲ್ಲದ ಮಾತು. ಆದ್ದರಿಂದ ನಾವು ಅವರಿಗೆ ಹೇಳಲೇ ಇಲ್ಲ. ನಾನು ಬರೆದ ಅರ್ಜಿಯನ್ನು "ಕಕ್ಕಸಿನ ಕಾಗದ" ಅಂತ ಹೇಳಿ ಅತ್ತೆಯೇ ಮುಂದೆ ಹಿಡಿದರು. ಕಕ್ಕಸಿನ ಕಾಗದವನ್ನು ಓದುವುದೂ ಮೈಲಿಗೆ ಅನ್ನುವ ಹಾಗೆ ಮಾವ ಮುಖ ಆ ಕಡೆ ತಿರುಗಿಸಿಕೊಂಡು ರುಜು ಹಾಕಿದರು. ಕೆಲಸ ಸಲೀಸಾಯಿತು ಅಂತ ನಾವಿಬ್ಬರೂ ಅಡುಗೆಮನೆಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆವು. ನಗಬಾರದಾಗಿತ್ತು.

ಓವರ್ಸಿಯರ್ ಬರುವ ದಿನ ಗೊತ್ತಾಯಿತು. ನಾವು ಹೆಂಗಸರು ಆ ಮನೆಯನ್ನು ಮನೆ ಅಂತ ತೋರಿಸಲು ಟೊಂಕ ಕಟ್ಟಿ ನಿಂತೆವು. ಹೊಸಿಲಿಗೆ ರಂಗೋಲಿ ಹಾಕಿದೆ. ಖಾಲಿ ತೊಟ್ಟಿಲನ್ನು ಅಟ್ಟದಿಂದ ಇಳಿಸಿ ನಡುಮನೆಯಲ್ಲಿ ಕಟ್ಟಿದೆ. ಒಗೆದ ಬಟ್ಟೆ, ಒಗೆಯದ ಬಟ್ಟೆ ಎಲ್ಲ ಹಗ್ಗದ ಮೇಲೆ ಹರಡಿದೆ. ಸೈಕಲ್ಲಿನಲ್ಲಿ ಬಂದ ಓವರ್ಸಿಯರ್ ಹಿತ್ತಲ ಬಾಗಿಲಲ್ಲಿ ಇಳಿದು, ಮೊದಲು ಕಕ್ಕಸಿನ ಜಾಗ ತೋರಿಸಿ ಅಂದರು. ತೋರಿಸಿದೆವು. ಟೇಪು ಹಿಡಿದು ಅಳೆದರು, ಬಾವಿಯಿಂದ ದೂರ ಇದೆ, ಒಳ್ಳೆಯದು ಅಂದರು. ಇನ್ನು ಮನೆ ನೋಡೋಣ ಅಂತ ನಮ್ಮ ಹಿಂದೆ ಒಳಗೆ ಬಂದರು. ಅಡುಗೆಮನೆ ದಾಟಿ, ತೊಟ್ಟಿಲು ದಾಟಿ, ಪಡಸಾಲೆಗೆ ಕಾಲಿಟ್ಟೆವು.

ಪಡಸಾಲೆಯ ನಟ್ಟನಡುವೆ ಎತ್ತು ನಿಂತಿತ್ತು. ಕಾಲ ಕೆಳಗೆ ಹುಲ್ಲು ಹರಡಿತ್ತು. ಹೊಸಿಲ ಮೇಲೆ, ನನ್ನ ರಂಗೋಲಿಯ ಮೇಲೇ ಗೋಣಿಚೀಲ ಹಾಸಿಕೊಂಡು, ಅವರಪ್ಪ ಕೂತಿದ್ದ ಹಾಗೇ ಮಾವ ಕೂತಿದ್ದರು. ಮುನ್ಸಿಪಾಲ್ಟಿಯವರು ಬರುತ್ತಾರೆ ಅನ್ನುವುದಷ್ಟೇ ಅವರ ಕಿವಿಗೆ ಬಿದ್ದಿತ್ತು. ನಾವು ಹಿತ್ತಲ ತುದಿಯಲ್ಲಿ ಟೇಪಿನ ಕಡೆ ನೋಡುತ್ತಿದ್ದಾಗ ಅವರು ಮನೆತನದ ಕರ್ತವ್ಯ ಮಾಡಿ ಮುಗಿಸಿದ್ದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತ ಗಾದೆ. ನಮ್ಮ ಮನೆಯಲ್ಲಿ ಎತ್ತನ್ನೇ ಪಡಸಾಲೆಗೆ ಎಳೆದಿದ್ದರು.

"ನಾವಿರೋದು ತೋಟದಾಗೆ ಸ್ವಾಮಿ. ಇದು ದನ ಕಟ್ಟಕ್ಕೆ" ಅಂದರು ಮಾವ. ಸ್ವರ ಕೂಡ ಪಟದಲ್ಲಿದ್ದವರದೇ ಇರಬೇಕು.

ಓವರ್ಸಿಯರ್ ಎತ್ತನ್ನು ನೋಡಿದರು, ಕೈಯಲ್ಲಿದ್ದ ಅರ್ಜಿ ನೋಡಿದರು. "ವಾಸ ಇದೀವಿ ಅಂತ ನೀವೇ ರುಜು ಹಾಕಿದ್ದೀರಲ್ಲ ಯಜಮಾನ್ರೇ?"

"ನಾನು ಹಾಕಿದ್ದು ಕಕ್ಕಸಿನ ಕಾಗದಕ್ಕೆ."

"ಹಾಗಾದ್ರೆ ಈ ಹೆಂಗಸರು ಯಾರು?"

ಮಾವ ಒಂದು ಗಳಿಗೆ ಯೋಚಿಸಿದರು. ಅಪ್ಪನ ಕತೆಯಲ್ಲಿ ಹೆಂಗಸರೆಲ್ಲ ತೋಟಕ್ಕೆ ಹೋಗಿದ್ದರು, ಈ ಪ್ರಶ್ನೆಯೇ ಅದರಲ್ಲಿ ಇರಲಿಲ್ಲ. "ಸಗಣಿ ಬಾಚಕ್ಕೆ ಬಂದವ್ರೆ" ಅಂದರು.

ಅತ್ತೆ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅದುವರೆಗೂ ಕೇಳಿರಲಿಲ್ಲ. ಅವತ್ತು ಬೀದಿಗೆ ಕೇಳಿಸಿತು.

"ಸಗಣಿ ಬಾಚಕ್ಕೆ ಬಂದವ್ಳಾ ನಾನು? ಆ ಕೋಣೇಲಿ ಐದು ಹೆತ್ತಿದೀನಿ, ಅವೇನು ಕರುಗಳಾ? ಬರ್ಕಳಪ್ಪಾ, ಕೊಟ್ಟಿಗೆ ಅಂತ್ಲೇ ಬರ್ಕೋ. ಇದ್ರಲ್ಲಿ ಎತ್ತಿಗೆ ಹೊತ್ತೊತ್ತಿಗೆ ಹೊಟ್ಟೆ ತುಂಬ ನೀರು ಕುಡಿಸ್ತಾರೆ. ಅದು ನಿಂತಲ್ಲೇ ಬಿಡ್ತದೆ, ಯಾರೂ ಏನೂ ಅನ್ನಕಿಲ್ಲ. ನಾನು ಈ ಮನೆಗೆ ಬಂದಾಗಿಂದ ಮಧ್ಯಾಹ್ನದ ಮ್ಯಾಲೆ ನೀರು ಕುಡ್ದಿಲ್ಲ. ಹಗಲೊತ್ತು ಹೋಗಕ್ಕೆ ಒಂದು ಮರೆ ಇಲ್ಲ ನಂಗೆ. ಡಾಕ್ಟರು ನೀರು ಕುಡೀದಿದ್ರೆ ಸಾಯ್ತೀಯ ಅಂದವ್ರೆ. ಅದನ್ನೂ ಬರ್ಕೋ."

ಎತ್ತು, ತನ್ನ ಹಿರಿಯರಿಗೆ ತಕ್ಕ ವಂಶಸ್ಥ, ಅದೇ ಹೊತ್ತಿಗೆ ಗಾರೆ ನೆಲದ ಮೇಲೆ ಧಾರಾಕಾರವಾಗಿ ಹುಯ್ಯಿತು. ಓವರ್ಸಿಯರ್ ಪ್ಯಾಂಟು ಎತ್ತಿ ಹಿಡಿದು ಎರಡು ಹೆಜ್ಜೆ ಹಿಂದೆ ಹೋದರು. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅವತ್ತು ಮಾವನ ಮುಖವನ್ನೇ ನೋಡುತ್ತಾ ನಿಂತೆ.

"ವ್ರತ ಅಲ್ವಾ?" ಅಂದರು ಮಾವ.

"ಯಾವ ವ್ರತಾರೀ?" ಅಂದರು ಅತ್ತೆ.

ಮಾವ ಎದ್ದರು. ಗೋಣಿಚೀಲ ಮಡಿಸಿ ಕಂಕುಳಿಗಿಟ್ಟುಕೊಂಡರು. ಎತ್ತನ್ನು ಬಿಚ್ಚಿ, ಅಳಿಸಿಹೋದ ರಂಗೋಲಿಯ ಮೇಲೆ ಹಾಯಿಸಿಕೊಂಡು ಬೀದಿಗೆ ಇಳಿದರು. ಇಳಿದು, ನಮ್ಮ ಕಡೆ ತಿರುಗದೆ, ಎತ್ತಿನ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ಹೇಳಿದರು: "ಮನೆ ಅಂತ ಬರ್ಕಳಪ್ಪಾ. ನಮ್ಮಪ್ಪ ಹೇಳಿದ್ದು ಸುಳ್ಳು."

ಲೈಸೆನ್ಸ್ ಬಂತು. ಕಂದಾಯ ಏರಿತು. ಅದಕ್ಕೆ ಮಾವ ಕರುವಿನ ಹತ್ತಿರ ಗೊಣಗಿದರು, ಅಷ್ಟೇ. ನಾನು ಇನ್ನೊಂದು ಅರ್ಜಿ ಕೊಟ್ಟು, ಇನ್ನೊಂದು ಸ್ಟಾಂಪು ಅಂಟಿಸಿ, 'ವಾಸದ ಮನೆ' ಅಂತ ಬರೆದ ಹೊಸ ನಕಲನ್ನೂ ತಂದಿಟ್ಟುಕೊಂಡೆ. ಗುಮಾಸ್ತರು ಅದನ್ನು ಕೊಡುವಾಗ "ಎತ್ತು ಚೆನ್ನಾಗಿದೆಯಾ ಅಮ್ಮಾ?" ಅಂತ ವಿಚಾರಿಸಿದರು. ಹಿತ್ತಲ ತುದಿಯಲ್ಲಿ ಗುಂಡಿ ತೋಡಿ, ಸಿಮೆಂಟಿನ ಬೇಸಿನ್ ಕೂರಿಸಿ, ಗೋಡೆ ಎಬ್ಬಿಸಿ, ಬಾಗಿಲು ನಿಲ್ಲಿಸಿದರು. ಚಿಲಕವನ್ನು ನಾನೇ ಅಂಗಡಿಗೆ ಹೋಗಿ ಆರಿಸಿ ತಂದೆ. ಶಿವನಿ ಸ್ಟೇಷನ್ನಿನದಕ್ಕಿಂತ ದೊಡ್ಡದು. ಮಾವ ಹೇಳಿದಂತೆಯೇ ಅದರೊಳಕ್ಕೆ ಕಾಲಿಡಲಿಲ್ಲ, ಬದುಕಿರುವ ತನಕ ಕೆರೆ ಕಡೆಗೇ ಹೋದರು. ವ್ರತದ ಮಾತನ್ನು ಮಾತ್ರ ಜಗಲಿಯಲ್ಲಿ ಮತ್ತೆ ಎತ್ತಲಿಲ್ಲ. ಎತ್ತಿನ ಕತೆಯನ್ನೂ ನಿಲ್ಲಿಸಿದರು. ನಿಲ್ಲಿಸಿದ ಮೇಲೆ ಅದನ್ನು ನಾನು ಹೇಳತೊಡಗಿದೆ, ಅದು ಬೇರೆ ಮಾತು.

ಸಿಮೆಂಟು ಒಣಗಿ ಕಕ್ಕಸು ಬಳಕೆಗೆ ಬಂದ ದಿನ ಮಧ್ಯಾಹ್ನ ಎಂದಿನಂತೆ ಮುದ್ದೆ ಮಾಡಿದ್ದೆ. ಗಂಡಸರ ಊಟ ಆದ ಮೇಲೆ ನಾನೂ ಅತ್ತೆಯೂ ಕೂತು ಉಂಡೆವು. ಸಾರು ಖಾರವಾಗಿತ್ತು. ಊಟ ಮುಗಿಸಿ ಅತ್ತೆ ಅಭ್ಯಾಸಬಲದಿಂದ ನೀರಿನ ಚೊಂಬನ್ನು ನನ್ನ ಕಡೆ ತಳ್ಳಿ, ಸೆರಗಿನಿಂದ ಬಾಯಿ ಒರೆಸಿಕೊಂಡರು.

ಮಾವ ಅಡುಗೆಮನೆಯ ಬಾಗಿಲಿಗೆ ಬಂದಿದ್ದರು. ಹೆಂಗಸರು ಉಣ್ಣುವಾಗ ಅವರು ಆ ಕಡೆ ಸುಳಿಯುತ್ತಲೇ ಇರಲಿಲ್ಲ. ಒಳಗೆ ಬಂದು, ನನ್ನ ಮುಂದಿದ್ದ ಚೊಂಬನ್ನು ಎತ್ತಿಕೊಂಡು, ಬಗ್ಗಿ ಅತ್ತೆಯ ಎಲೆಯ ಪಕ್ಕಕ್ಕಿಟ್ಟರು. ಹುಟ್ಟಿದ ಮೇಲೆ ಅವರು ಇನ್ನೊಬ್ಬರಿಗೆ ನೀರು ಕೊಟ್ಟದ್ದು ಅಂದರೆ ಎತ್ತಿಗೆ ಮಾತ್ರ.

"ಕುಡಿ" ಅಂದರು.

ಅತ್ತೆ ಚೊಂಬು ನೋಡಿದರು. ಹಿತ್ತಲ ಬಾಗಿಲು ನೋಡಿದರು. ಆಮೇಲೆ ಎರಡೂ ಕೈಯಲ್ಲಿ ಚೊಂಬನ್ನೆತ್ತಿ ಗಟಗಟನೆ ಕುಡಿದರು. ನೀರು ಗಲ್ಲದಿಂದ ಇಳಿದು, ತಾಳಿ ನೆನೆದು, ರವಿಕೆ ನೆನೆಯಿತು. ನಿಲ್ಲಿಸಲಿಲ್ಲ. ಬರಿದಾದ ಚೊಂಬನ್ನು ಕೆಳಗಿಡದೆ ಮಾವನ ಕಡೆಗೇ ಚಾಚಿದರು.

"ಇನ್ನೊಂದು ಚೊಂಬು ತನ್ರೀ."

ಮಾವ ತರುವುದಕ್ಕೆ ಹೋದರು.